ತುಳಿಯದ ಗದ್ದೆ

ಮಧ್ಯ ವಿಯೆಟ್ನಾಮಿನ ನಮ್ಮ ಖೆ ಹಳ್ಳಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಸುತ್ತಲೂ ಭತ್ತ ಹಸಿರಾಗಿ ನಿಂತಿರುವಾಗ, ಬೆಟ್ಟದ ಬುಡದ ಆ ಗದ್ದೆಯ ನಡುವೆ ಚಾಪೆಯಷ್ಟಗಲದ ಜಾಗವೊಂದು ಏಕೆ ಬರಿದಾಗಿದೆ? ಅಲ್ಲಿ ನೇಗಿಲು ಹಾಯುವುದಿಲ್ಲ, ಕೋಣ ಇಳಿಯುವುದಿಲ್ಲ, ನಾಟಿಯ ಹೆಂಗಸರು ಅದನ್ನು ಸುತ್ತಿಕೊಂಡು ಹೋಗುತ್ತಾರೆ. ಪಕ್ಕದ ಬದುವಿನ ಮೇಲೆ ಮೊಳಕಾಲೆತ್ತರದ ಇಟ್ಟಿಗೆಯ ಒಲೆಯಿದೆ, ಅದಕ್ಕೊಂದು ಹುಲ್ಲಿನ ಮಾಡು. ಮೊನ್ನೆ ಪೇಟೆಯ ಮಹಾಶಯನೊಬ್ಬ ಫೋಟೋ ತೆಗೆಸಿಕೊಳ್ಳಲು ಬೂಟುಗಾಲಲ್ಲೇ ಅಲ್ಲಿಗಿಳಿಯಲು ಹೊರಟ. ಈ ವಯಸ್ಸಿನಲ್ಲೂ ನನ್ನ ಬಾಯಿ ಎಷ್ಟು ಜೋರೆಂಬುದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಆ ಜಾಗಕ್ಕೆ ತುಳಿಯದ ಗದ್ದೆ ಎಂದು ಹೆಸರು.

ಹಿಂದೆ ಒಮ್ಮೆ, ಫ್ರೆಂಚರು ರಾಜಧಾನಿಯನ್ನು ಹಿಡಿದ ಕಾಲದಲ್ಲಿ, ಲೂಂಗ್ ಖಾಯ್ ಎಂಬ ಪಂಡಿತ ಈ ಊರಿನಲ್ಲಿದ್ದ. ಅರಮನೆಯ ಪರೀಕ್ಷೆಯಲ್ಲಿ ಗೆದ್ದು ಜಿಲ್ಲೆಯ ಅಧಿಕಾರಿಯಾದವನು. ಆಗ ನಮ್ಮಲ್ಲಿ ಅಕ್ಷರವಿರುವ ಕಾಗದವನ್ನು ಎಸೆಯುತ್ತಿರಲಿಲ್ಲ, ಕಾಲಿಗೆ ತಾಕಿಸುತ್ತಿರಲಿಲ್ಲ. ಬುಟ್ಟಿಯಲ್ಲಿ ಕೂಡಿಟ್ಟು, ಈ ಒಲೆಯಲ್ಲಿ ಸುಟ್ಟು, ಬೂದಿಯನ್ನು ಹೊಳೆಗೆ ಬಿಡುತ್ತಿದ್ದರು. ಖಾಯನ ಹೆಂಡತಿ ಥೋವಾ ಓದುಬರಹ ಬಾರದವಳು. ಮದುವೆಯಾದ ಹೊಸತರಲ್ಲಿ ಗಂಡ ಬರೆದ ಹಾಳೆಯೊಂದರಲ್ಲಿ ಒಣಮೀನು ಕಟ್ಟಿಟ್ಟಳಂತೆ. ಅವನು ಗದರಲಿಲ್ಲ. ದರ್ಬಾರಿನ ನಿಲುವಂಗಿ ತೊಟ್ಟು, ಮೀನು ನಾರುವ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಒಲೆಯವರೆಗೆ ನಡೆದು, ಸುಟ್ಟು, ತಲೆಬಾಗಿ ಬಂದ. ಪಾಪ, ಹುಡುಗಿ ನಾಚಿಕೆಯಿಂದ ಎರಡು ದಿನ ಅನ್ನ ಮುಟ್ಟಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದಳೋ ಏನೋ.

ಪರಕೀಯರ ಕೈಕೆಳಗೆ ಕೆಲಸ ಮಾಡಲಾರೆನೆಂದು ಖಾಯ್ ಆ ನಿಲುವಂಗಿಯನ್ನು ಗತಿಸಿದ ಹಿರಿಯರ ಪೂಜಾಪೀಠದ ಮುಂದೆ ಮಡಿಸಿಟ್ಟು, ಫ್ರೆಂಚರ ವಿರುದ್ಧ ಹೋರಾಡಲು ನಲವತ್ತು ಜನರೊಡನೆ ಬೆಟ್ಟ ಹತ್ತಿದ. ಅವನ ಪತ್ರಗಳು ಸೌದೆಹೊರೆಯೊಳಗೆ ಅಡಗಿ ಬರುತ್ತಿದ್ದವು. ಅವನ್ನು ಥೋವಾಗೆ ಓದಿಹೇಳುತ್ತಿದ್ದವನು ಊರಿನ ಮುಖ್ಯಸ್ಥ, ಅಂದರೆ ನನ್ನ ಮುತ್ತಜ್ಜ. ಕೇಳಿ ಮುಗಿದ ಮೇಲೆ ಅವಳು ಪತ್ರವನ್ನು ಒಲೆಯಲ್ಲಿ ಸುಡುತ್ತಿದ್ದಳು. ನಾಟಿಯ ದಿನ ಬಂದ ಪತ್ರವನ್ನು ಮುತ್ತಜ್ಜ ಗದ್ದೆಯ ಬದುವಿನ ಮೇಲೆಯೇ ಓದತೊಡಗಿದ. ಅಕ್ಕಿ ಒಯ್ಯಲು ನಾಳೆ ಯಾವ ಕಣಿವೆಯಿಂದ ಇಳಿಯುತ್ತೇವೆ ಎಂದು ಅದರಲ್ಲಿತ್ತು. “ಇನ್ನೆರಡು ಸಾಲಿದೆ” ಎನ್ನುವಷ್ಟರಲ್ಲಿ ಬದುವಿನ ತುದಿಯಲ್ಲಿ ಫ್ರೆಂಚರ ಸಿಪಾಯಿಗಳು ಕಂಡರು. ಮುತ್ತಜ್ಜ ಆ ಸಾಲುಗಳ ಮೇಲೆ ಕಣ್ಣಾಡಿಸಿ, ಪತ್ರವನ್ನು ಅವಳ ಕೈಗೆ ತುರುಕಿ, ಸರಸರನೆ ಹೊರಟುಹೋದ. ಹೆದರುಪುಕ್ಕಲ! ನಮ್ಮ ಮನೆಯವನೆಂದು ನಾನೇನೂ ಮುಚ್ಚಿಡುವುದಿಲ್ಲ.

ಥೋವಾ ನಿಂತದ್ದು ಮೊಳಕಾಲುದ್ದದ ಕೆಸರಿನಲ್ಲಿ. ಪತ್ರವನ್ನು ಕೈಬಿಟ್ಟು ಕಾಲಲ್ಲಿ ಒತ್ತಿದ್ದರೆ ಅದು ಯಾರಿಗೂ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಸಸಿ ನೆಡುತ್ತಿದ್ದ ಓರಗಿತ್ತಿ, “ತುಳೀರಿ ಅಕ್ಕಾ, ತುಳಿದುಬಿಡಿ” ಎಂದು ಪಿಸುಗುಟ್ಟಿದಳು. ಪತ್ರ ಕೆಸರಿಗೆ ಬಿತ್ತು. ಥೋವಾ ಕಾಲೆತ್ತಿದಳು. ಓದಲು ಬಾರದಿದ್ದರೇನು, ಗಂಡನ ಕೈಬರಹದ ಗುರುತು ಅವಳಿಗಿತ್ತು. “ಅವರ ಅಕ್ಷರ ಕಣೇ, ಹೇಗೆ ತುಳೀಲಿ?” ಎಂದವಳೇ ಬಾಗಿ ಅದನ್ನೆತ್ತಿ, ತುರುಬಿಗೆ ಸಿಕ್ಕಿಸಿ, ಮೇಲೆ ತಾಳೆಗರಿಯ ಟೋಪಿ ಹಾಕಿಕೊಂಡಳು. ಸಿಪಾಯಿಗಳು ಬಂದು ಎಲ್ಲರ ಟೋಪಿಯನ್ನೂ ತೆಗೆಸಿದರು. ದುಭಾಷಿ ಪತ್ರವನ್ನು ಮನಸ್ಸಿನಲ್ಲೇ ಓದಿಕೊಂಡು ತನ್ನ ದೊರೆಯ ಕಿವಿಯಲ್ಲಿ ಹೇಳಿದ. ಆ ದಿನ ಊರಿನಿಂದ ಯಾರನ್ನೂ ಹೊರಗೆ ಬಿಡಲಿಲ್ಲ.

ಮರುದಿನ ಕಣಿವೆಯಲ್ಲಿ ಆ ನಲವತ್ತು ಜನರೂ ಸತ್ತರು. ಖಾಯನನ್ನು ಮಾತ್ರ ಜೀವಂತ ಹಿಡಿದು, ಊರೆಲ್ಲ ನೋಡಲೆಂದು ಇದೇ ಬದುವಿನ ಮೇಲೆ ತಲೆ ಕಡಿಯಲು ತಂದರು. ಥೋವಾ ಅವನ ಕಾಲಿಗೆ ಬಿದ್ದು, “ನನ್ನ ಕೈಯಾರೆ ನಿಮ್ಮನ್ನು ಕೊಂದೆ” ಎಂದು ಗೋಳಾಡಿದಳು. ಅವನು, “ಏಳು, ಕಲಿಸಿದವನು ನಾನು” ಎಂದ. “ಆ ಎರಡು ಸಾಲಿನಲ್ಲಿ ಏನಿತ್ತು? ಅದೊಂದನ್ನು ನಾನು ಕೇಳಲೇ ಇಲ್ಲ” ಎಂದಳು. ಖಾಯ್ ಒಮ್ಮೆ ಗುಂಪಿನಲ್ಲಿ ತಲೆತಗ್ಗಿಸಿ ನಿಂತಿದ್ದ ಮುತ್ತಜ್ಜನನ್ನು ನೋಡಿದ. ಮತ್ತೆ ಹೆಂಡತಿಯ ಕಡೆ ತಿರುಗಿ, “ಮಳೆಗಾಲ ಬರ್ತಿದೆ, ಒಲೆಯ ಮಾಡಿಗೆ ಹೊಸ ಹುಲ್ಲು ಹೊದಿಸು ಅಂತ ಬರೆದಿದ್ದೆ. ಅಷ್ಟೇ” ಎಂದ.

ಆಮೇಲೆ ಥೋವಾ ಮೂವತ್ತೈದು ವರ್ಷ ಬದುಕಿದಳು. ಪತ್ರ ಬಿದ್ದ ಜಾಗವನ್ನು ತಾನೂ ತುಳಿಯಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಒಲೆಗೆ ಹೊಸ ಹುಲ್ಲು ಹೊದಿಸುತ್ತಿದ್ದಳು. ಕೊನೆಕೊನೆಗೆ ಕಣ್ಣು ಕಾಣದಿದ್ದರೂ ತಡವರಿಸಿಕೊಂಡು ಹೊದಿಸುತ್ತಿದ್ದಳು ಎನ್ನುತ್ತಾರೆ. ಅವಳನ್ನು ಮಣ್ಣು ಮಾಡಿ ಬಂದ ದಿನ ಮುತ್ತಜ್ಜ ಬಾಯಿಬಿಟ್ಟ. ಆ ಎರಡು ಸಾಲು ಅವನಿಗೆ ಬಾಯಿಪಾಠವಾಗಿತ್ತು: “ಥೋವಾ, ಗದ್ದೆಯಲ್ಲಿರುವಾಗ ಸಿಪಾಯಿಗಳು ಬಂದರೆ ಅಕ್ಷರವೆಂದು ಹಿಂಜರಿಯಬೇಡ, ಇದನ್ನು ಕೆಸರಿನಲ್ಲಿ ತುಳಿದುಬಿಡು. ಪಾಪವಿದ್ದರೆ ಅದು ನನಗಿರಲಿ.”

ಈಗ ಅಕ್ಷರದ ಕಾಗದ ಸುಡಲು ಯಾರೂ ಬರುವುದಿಲ್ಲ. ಬಂದವರಿಗೆ ಕಾಣುವುದು ಪೈರಿನ ನಡುವೆ ಚಾಪೆಯಗಲದ ಆ ನೀರು, ಬದುವಿನ ಮೇಲಿನ ತಣ್ಣಗಿನ ಒಲೆ. ಹುಲ್ಲು ಹೊದಿಸುವ ಕೆಲಸ ಮುತ್ತಜ್ಜನಿಂದೀಚೆಗೆ ನಮ್ಮ ಮನೆಯದು. ಈ ವರ್ಷದ್ದನ್ನು ನಾನೇ ಹೊದಿಸಿದ್ದೇನೆ.