ತುಂಡಾದ ಕೈಮಾತು

"ಗುರುಗಳೇ, ಮನೆಗೆ ಇಂಟರ್‌ನೆಟ್ ಹಾಕಿಸಬೇಕು. ಇಪ್ಪತ್ತು, ಐವತ್ತು, ನೂರು ಎಂದು ಮೂರು ವೇಗ ಹೇಳುತ್ತಿದ್ದಾರೆ. ನಡುವೆ ನಿಲ್ಲದ ಹಾಗೆ ಸಿನಿಮಾ ನೋಡಲು ಎಷ್ಟಿದ್ದರೆ ಸಾಕು?"

ಕೇಳಿದವನು ಚೆನ್ನವೀರ ಎಂಬ ಶಿಷ್ಯ. ಹೆಂಡತಿ ಮಕ್ಕಳಿದ್ದ ಸಂಸಾರಿ. ಪಕ್ಕದಲ್ಲಿ ಕುಳಿತವರು ನಕ್ಕರು. ಇದನ್ನೂ ಮಠಕ್ಕೆ ಬಂದು ಕೇಳುತ್ತಾರೆಯೇ ಎಂದರು. ಗುರುಗಳು ನಗಲಿಲ್ಲ. ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಹೆಸರು ಮೋನಪ್ಪ, ಹೆಂಡತಿ ಕಾಳಮ್ಮ. ಅವರಿಗೆ ಒಬ್ಬಳೇ ಮಗಳು, ಗಾಯತ್ರಿ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಬಾಯಿಮಾತೂ ಬರಲಿಲ್ಲ. ಆ ಮನೆಯಲ್ಲಿ ಮೂವರೂ ಕೈಯಲ್ಲೇ ಮಾತಾಡುತ್ತಿದ್ದರು. ಸನ್ನೆಗಳಲ್ಲಿ ಕೆಲವು ಅವಳು ಶಾಲೆಯಿಂದ ಕಲಿತು ತಂದವು, ಇನ್ನುಳಿದವು ಆ ಮನೆಯಲ್ಲೇ ಹುಟ್ಟಿದವು.

ಗಾಯತ್ರಿಯನ್ನು ಅವಳಂತೆಯೇ ಕಿವಿ ಕೇಳದ ಹುಡುಗನಿಗೆ ಕೊಟ್ಟರು. ಅವನು ಒಂದೂವರೆ ಗಂಟೆ ದಾರಿಯ ಪಟ್ಟಣದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಗಾರ. ಒಳ್ಳೆಯವನು. ಅವಳು ಬಸುರಿಯಾದಳು. ಪ್ರತಿದಿನ ಮಧ್ಯಾಹ್ನ ತಾಯಿಯ ಫೋನಿನಲ್ಲಿ ಅವಳ ಮುಖ ಮೂಡುತ್ತಿತ್ತು. ಏನು ಉಂಡೆ, ಎಷ್ಟು ನಿದ್ದೆ ಬಂತು, ಕೂಸು ಒದೆಯಿತೇ ಎಂದು ಇಬ್ಬರೂ ಕೈಯಾಡಿಸಿ ಮಾತಾಡುತ್ತಿದ್ದರು.

ಮೋನಪ್ಪ ದೊಡ್ಡ ಟಿವಿ ತಂದ. ಅದಕ್ಕೆಂದು ಇಂಟರ್‌ನೆಟ್ ಹಾಕಿಸಲು ಹೊರಟ. ಕೇಬಲಿನವನು ಕೇಳಿದ:

"ಮನೆಯಲ್ಲಿ ವಿಡಿಯೊ ನೋಡೋರು ಎಷ್ಟು ಜನ, ಯಜಮಾನರೇ?"

"ನಾನೊಬ್ಬನೇ. ಹೆಂಡತಿ ಮಗಳ ಜೊತೆ ಮಾತಾಡ್ತಾಳೆ, ಅಷ್ಟೆ."

"ಬರೀ ಮಾತಾಡೋಕೆ ಏನೂ ಬೇಡ. ಇಪ್ಪತ್ತು ಸಾಕು. ಆದರೆ ದೊಡ್ಡ ಟಿವಿಯಲ್ಲಿ ಪೂರಾ ಸ್ಪಷ್ಟ ಇಟ್ಟು ನೋಡಿದರೆ, ಆ ಹೊತ್ತಿಗೆ ಇನ್ನೊಬ್ಬರಿಗೆ ಹೆಚ್ಚು ಉಳಿಯೋದಿಲ್ಲ."

ಮೋನಪ್ಪ ಇಪ್ಪತ್ತಕ್ಕೆ ಒಪ್ಪಿದ. ಜಿಪುಣತನದಿಂದ ಅಲ್ಲ. ತನ್ನ ಮಗಳು ಮಾತಾಡುವುದು ಕೈಯಿಂದ, ಅವಳ ಮಾತೆಲ್ಲವೂ ಚಿತ್ರವೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಅವಳು ಹುಟ್ಟಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಆದರೂ ಹೊಳೆಯಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮೋನಪ್ಪ ಟಿವಿ ಮುಂದೆ ಕೂರುತ್ತಿದ್ದ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕಾಳಮ್ಮನ ಫೋನಿನಲ್ಲಿ ಮಗಳ ಕೈಗಳು ಚೂರುಚೂರಾಗುತ್ತಿದ್ದವು. ಬೆರಳು ಎತ್ತಿದ್ದು ಕಾಣುತ್ತಿತ್ತು, ಇಳಿಸಿದ್ದು ಕಾಣುತ್ತಿರಲಿಲ್ಲ. ಮೊದಮೊದಲು ಕಾಳಮ್ಮ ಬಂದು ಹೇಳಿದಳು. ಅವನು ಒಮ್ಮೆ ಟಿವಿ ಆರಿಸಿದ. ಇನ್ನೊಮ್ಮೆ, ನಾಳೆಯೂ ಮಾತಾಡಬಹುದಲ್ಲ ಎಂದ. ಬರಬರುತ್ತಾ ಅವಳು ಹೇಳುವುದನ್ನೇ ಬಿಟ್ಟಳು.

ಗಾಯತ್ರಿಗೆ ಏಳು ತಿಂಗಳು ತುಂಬಿತ್ತು. ಹದಿನೈದು ದಿನದಲ್ಲಿ ತವರಿಗೆ ಕರೆತರುವುದೆಂದು ಮಾತಾಗಿತ್ತು. ಆ ದಿನ ಟಿವಿಯಲ್ಲಿ ಕಬಡ್ಡಿಯ ಕೊನೆಯ ಪಂದ್ಯ. ಕೊನೆಯ ಐದು ನಿಮಿಷ ಉಳಿದಿತ್ತು. ಕಾಳಮ್ಮ ಫೋನು ಹಿಡಿದು ಅಡುಗೆಮನೆಯಿಂದ ಓಡಿ ಬಂದಳು.

"ಏನ್ರೀ, ಅವಳು ಏನೋ ಹೇಳ್ತಿದ್ದಾಳೆ. ತಿಳೀವಲ್ದು. ಅದನ್ನ ಬಂದ್ ಮಾಡ್ರಿ."

"ಎರಡು ನಿಮಿಷ ತಡಿ."

ಅವಳು ತಡೆಯಲಿಲ್ಲ. ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ನೋಡಿದ. ಮಗಳ ಮುಖ ಅರ್ಧ ಅಳಿಸಿಹೋಗಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಕೈ ಗಾಳಿಯಲ್ಲಿತ್ತು, ಅದರ ಬೆರಳುಗಳು ಕಾಣಲಿಲ್ಲ. ಬೆರಳಿದ್ದ ಕಡೆ ಬೂದುಬಣ್ಣದ ಚೌಕಗಳಷ್ಟೇ ಇದ್ದವು. ಚಿತ್ರ ಹಾಗೆಯೇ ನಿಂತಿತು. ಅವನು ಟಿವಿ ಆರಿಸುವ ಹೊತ್ತಿಗೆ ಕರೆ ಕಡಿದುಹೋಗಿತ್ತು.

ತಿರುಗಿ ಕರೆ ಮಾಡಿದರು. ಅವಳು ಎತ್ತಲಿಲ್ಲ. ಮತ್ತೆ ಮಾಡಿದರು. ಮೋನಪ್ಪ 'ಏನಾಯಿತು' ಎಂದು ಬರೆದು ಕಳಿಸಿದ. ಅದು ತಲುಪಿತು, ಆದರೆ ಓದಿದ ನೀಲಿ ಗುರುತು ಬರಲಿಲ್ಲ. ಅಳಿಯನಿಗೂ ಬರೆದ, ಅವನಿಂದಲೂ ಉತ್ತರವಿಲ್ಲ. ಪ್ರೆಸ್ಸಿನಲ್ಲಿ ಫೋನು ಹೊರಗಿಟ್ಟು ಕೆಲಸಕ್ಕೆ ನಿಲ್ಲಬೇಕು, ಅದು ಅಲ್ಲಿಯ ಕಟ್ಟಳೆ. ಮಗಳ ಬೀದಿಯಲ್ಲಿ ಕಿವಿ ಕೇಳುವ ಒಬ್ಬರ ನಂಬರಾದರೂ ತನ್ನ ಬಳಿ ಇಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು.

ಆ ಮನೆಯ ಭಾಷೆಯಲ್ಲಿ ಒಂದು ಕೈ ಹೊಟ್ಟೆಯ ಮೇಲಿಟ್ಟು ಇನ್ನೊಂದರ ಬೆರಳು ಬಿಚ್ಚಿ ಆಡಿಸಿದರೆ, ಕೂಸು ಆಡುತ್ತಿದೆ ಎಂದು. ಮುಷ್ಟಿ ಬಿಗಿದು ತಿರುವಿದರೆ, ನೋವು ಎಂದು. ಎರಡೂ ಶುರುವಾಗುವುದು ಒಂದೇ ರೀತಿ.

ಮರ ಸಾಗಿಸುವ ಟೆಂಪೊ ಹಿಡಿದು ಇಬ್ಬರೂ ಹೊರಟರು. ಕೆಲಸದ ಚೀಲ ಅಭ್ಯಾಸಬಲದಿಂದ ಅವನ ಹೆಗಲಿಗೆ ಬಂದಿತ್ತು. ದಾರಿಯುದ್ದಕ್ಕೂ ಅವನು ಆ ಕೈಯನ್ನೇ ಕಂಡ. ಕಣ್ಣು ಮುಚ್ಚಿದರೂ ಕಂಡ. ಒಮ್ಮೆ ಬೆರಳುಗಳು ಬಿಚ್ಚಿದ್ದವು ಎನಿಸುತ್ತಿತ್ತು. ಮರುಗಳಿಗೆಗೆ ಮುಷ್ಟಿಯೇ ಇತ್ತು ಎನಿಸುತ್ತಿತ್ತು. ಹೆಂಡತಿಯ ಕಡೆ ತಿರುಗದೆಯೇ ಕೇಳಿದ:

"ಬೆರಳು ಬಿಚ್ಚಿದ್ದವಾ, ಮಡಚಿದ್ದವಾ?"

"ನನಗೂ ಕಾಣಲಿಲ್ಲ," ಎಂದಳು ಕಾಳಮ್ಮ.

ಅವಳು ಬೈಯಬಹುದೆಂದು ಅವನು ಕಾದ. ಅವಳು ಬೈಯಲಿಲ್ಲ. ಅದರಿಂದ ಅವನ ಹೆದರಿಕೆ ಇನ್ನೂ ಹೆಚ್ಚಿತು.

ಮಗಳ ಮನೆ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಕಿವಿ ಕೇಳದವರ ಮನೆಯ ಬಾಗಿಲು ಬಡಿದು ಫಲವಿಲ್ಲ. ಹೊರಗಿನ ಗುಂಡಿ ಒತ್ತಿದರೆ ಒಳಗೆ ದೀಪ ಮಿಣುಕಬೇಕು. ಮೋನಪ್ಪ ಒತ್ತಿದ. ಕಿಟಕಿಯ ಗಾಜಿನಲ್ಲಿ ದೀಪ ಮಿಣುಕಿದ್ದು ಕಾಣಿಸಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿದ. ಬರಲಿಲ್ಲ. ಕಾಳಮ್ಮ ಬೀದಿಯಲ್ಲಿ ನಿಂತು ಕೂಗಿದಳು. ಅಕ್ಕಪಕ್ಕದವರು ಸೇರಿದರು. ಮಧ್ಯಾಹ್ನದಿಂದ ಆ ಮನೆಯಿಂದ ಯಾವ ಸದ್ದೂ ಬಂದಿಲ್ಲ ಎಂದರು. ಆ ಮನೆಯಿಂದ ಎಂದೂ ಸದ್ದು ಬಂದಿರಲಿಲ್ಲ.

ಮಗಳು ಹಗಲೆಲ್ಲ ಒಬ್ಬಳೇ ಇರುತ್ತಾಳೆ, ಯಾರೂ ಮುರಿಯಬಾರದು ಎಂದು ಆ ಬಾಗಿಲನ್ನು ಸಾಗುವಾನಿಯಲ್ಲಿ ಮಾಡಿಕೊಟ್ಟವನು ಮೋನಪ್ಪನೇ. ಅಗುಳಿ ಎಲ್ಲಿದೆ, ಎಷ್ಟು ಆಳಕ್ಕಿದೆ ಎಂಬುದು ಅವನ ಕೈಗೆ ಗೊತ್ತಿತ್ತು. ಚೀಲದಿಂದ ಉಳಿ ತೆಗೆದ. ಮೂವತ್ತು ವರ್ಷದಲ್ಲಿ ಮೊದಲ ಸಲ ಸುತ್ತಿಗೆ ಗುರಿ ತಪ್ಪಿ ಹೆಬ್ಬೆರಳಿಗೆ ಬಿತ್ತು. ನೋವು ಅವನಿಗೆ ತಿಳಿಯಲಿಲ್ಲ. ಆರನೆಯ ಏಟಿಗೆ ಹಲಗೆ ಸೀಳಿತು.

ಗಾಯತ್ರಿ ನೆಲದ ಮೇಲೆ ಒರಗಿದ್ದಳು. ಸೀರೆ ರಕ್ತದಲ್ಲಿ ನೆನೆದಿತ್ತು. ಫೋನು ಗೋಡೆಗೆ ಆನಿಸಿ ನಿಲ್ಲಿಸಿದ್ದು ಹಾಗೆಯೇ ನಿಂತಿತ್ತು. ಕಾಳಮ್ಮ ಮೂಗಿನ ಬಳಿ ಬೆರಳು ಹಿಡಿದಳು. ಉಸಿರಿತ್ತು.

ಅದೇ ಟೆಂಪೊದಲ್ಲಿ ಆಸ್ಪತ್ರೆಗೆ ಒಯ್ದರು. ಆ ಸಂಜೆಯೇ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ಎರಡು ಅಂಗೈ ಜೋಡಿಸಿದರೆ ಹಿಡಿಯುವಷ್ಟು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇಪ್ಪತ್ತೆರಡು ದಿನ ಅದು ಉಸಿರಿಗಾಗಿ ಗುದ್ದಾಡಿತು. ಅಷ್ಟೂ ದಿನ ಮೋನಪ್ಪ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಬಾಗಿಲು ತೆರೆದ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಕೂಸು ಬದುಕಿತು.

ಗಾಯತ್ರಿಗೆ ಪೂರ್ತಿ ಎಚ್ಚರ ಬಂದದ್ದು ಮೂರನೆಯ ದಿನ. ಮೋನಪ್ಪ ಮಂಚದ ಪಕ್ಕ ಕುಳಿತ. ಕೇಳಬೇಡ ಎಂದು ಕಾಳಮ್ಮ ಕಣ್ಣಲ್ಲೇ ಹೇಳಿದಳು. ಅವನಿಗೆ ಕೇಳದೆ ಇರಲು ಆಗಲಿಲ್ಲ. ಆ ದಿನ ಏನು ಹೇಳಿದೆ, ನೋವು ಎಂದೆಯಾ, ಎಂದು ಕೈಯಲ್ಲಿ ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೈಯೆತ್ತಲು ಕಷ್ಟವಾಯಿತು. ನಿಧಾನವಾಗಿ ಎತ್ತಿದಳು. ಮುಷ್ಟಿ ಕಟ್ಟಿ, ಮರ ನುಣುಪು ಮಾಡಲು ಕೀಸುಳಿ ಹೊಡೆಯುವವರಂತೆ ಗಾಳಿಯಲ್ಲಿ ಮುಂದಕ್ಕೆ ತಳ್ಳಿದಳು. ಎರಡು ವರ್ಷದ ಮಗುವಾಗಿದ್ದಾಗ ಅವಳೇ ಕಟ್ಟಿಕೊಂಡ ಸನ್ನೆ ಅದು. ಆ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ: ಅಪ್ಪ.

ಆಮೇಲೆ ನಾಲ್ಕು ಬೆರಳು ತೋರಿಸಿದಳು. ಅಪ್ಪನನ್ನು ಕರೆ ಎಂದು ನಾಲ್ಕು ಸಲ ಹೇಳಿದ್ದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಚೆನ್ನವೀರ ಕೇಳಿದ:

"ಆಮೇಲೆ ಅವನು ಎಷ್ಟು ವೇಗ ಹಾಕಿಸಿದ, ಗುರುಗಳೇ?"

"ಐವತ್ತು ಹಾಕಿಸಿದ, ಅದು ಸಾಕಾಯಿತು. ನಿನ್ನ ಮನೆಯಲ್ಲಿ ನಿನ್ನನ್ನು ಕರೆದು ಕರೆದು ಸುಮ್ಮನಾದವರು ಯಾರು, ಚೆನ್ನವೀರ?"