ಏರಿಯ ಬಾಗಿಲಿಗೆ ಇಟ್ಟ ಬೆಣೆ

"ಗುರುಗಳೇ, ಹೃದಯಕ್ಕೆ ಬಾಗಿಲುಗಳು ಏಕೆ ಬೇಕು?" ಎಂದು ಸಂಗಯ್ಯ ಕೇಳಿದ.

ಅವನು ವೈದ್ಯ ಕಲಿಯಲು ಬಂದವನು. ಬಡಿತದ ಸದ್ದು ಯಾವುದರದು ಎಂದು ಅಂದು ಬೆಳಿಗ್ಗೆ ಗುರುಗಳು ವಿವರಿಸಿದ್ದರು. ಹೃದಯ ಸಡಿಲಿದಾಗ ರಕ್ತ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೆಳಗಿನ ಕೋಣೆ ಹಿಂಡಿಕೊಂಡಾಗ ಅದೇ ರಕ್ತ ಹಿಂದಿನ ಬಾಗಿಲನ್ನು ತಳ್ಳಿ ಮುಚ್ಚುತ್ತದೆ, ಮುಂದಿನದನ್ನು ತೆರೆದುಕೊಂಡು ಮೈಗೆಲ್ಲ ಹರಿಯುತ್ತದೆ. ಹೃದಯ ಮತ್ತೆ ಸಡಿಲಿದೊಡನೆ, ಹೋದದ್ದು ಹಿಂದಿರುಗದಂತೆ ಮುಂದಿನ ಬಾಗಿಲೂ ಮುಚ್ಚುತ್ತದೆ. ಕಿವಿಗೆ ಕೇಳುವುದು ಈ ಬಾಗಿಲುಗಳು ಮುಚ್ಚುವ ಸದ್ದು.

"ಹೃದಯ ಸದಾ ತೆರೆದಿರಬೇಕು ಎಂದು ಹಿರಿಯರು ಹೇಳುತ್ತಾರೆ. ಬಾಗಿಲು ಒಂದಿಷ್ಟು ತೆರೆದೇ ಇದ್ದರೆ ಕೆಡುವುದೇನು?"

ಗುರುಗಳು ಕತೆ ಹೇಳಿದರು.

ಹೊಳೆ ಕಡಲನ್ನು ಸೇರುವಲ್ಲಿ ಒಂದು ಊರಿತ್ತು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರವರು ಏರಿ ಕಟ್ಟಿದ್ದರು. ಏರಿಯಲ್ಲಿ ಒಂದು ಹಲಗೆಬಾಗಿಲು. ಇಳಿತದ ಹೊತ್ತಿನಲ್ಲಿ ಗದ್ದೆಯ ನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತಿತ್ತು. ಉಬ್ಬರ ಬಂದರೆ ಕಡಲೇ ಅದನ್ನು ಒತ್ತಿ ಮುಚ್ಚುತ್ತಿತ್ತು. ಬಾಗಿಲನ್ನು ನೋಡಿಕೊಳ್ಳುವ ಕೆಲಸವನ್ನು ಊರವರು ಒಬ್ಬ ರೈತನಿಗೆ ಒಪ್ಪಿಸಿದ್ದರು. ಅವನ ಮಾತೆಂದರೆ ಊರಿಗೆ ನಂಬಿಕೆ.

ಅವನ ಮಗಳು ಬಸುರಿಯಾಗಿ ತವರಿಗೆ ಬಂದಳು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಸಿಗಡಿ ಸಾರಿದ್ದರೆ ಎರಡು ತುತ್ತು ಇಳಿದೀತು ಎಂದಳು. ರೈತ ಬಾಗಿಲ ಅಂಚಿಗೆ ಒಂದು ಬೆಣೆ ಇಟ್ಟು, ಒಳಬದಿಗೆ ಬಲೆ ಹಾಕಿದ. ಬೆರಳಗಲದ ಸಂದಿನಿಂದ ಯಾರ ಗದ್ದೆ ಮುಳುಗೀತು ಎಂದುಕೊಂಡ. ಉಬ್ಬರದ ಜೊತೆ ಸಿಗಡಿ ಬಂತು. ಮಗಳು ಉಂಡಳು. ಅವನ ಕಣ್ಣು ತುಂಬಿತು.

ಮಗಳು ಹೆತ್ತು, ಬಾಣಂತನ ಮುಗಿಸಿ ಗಂಡನ ಮನೆಗೆ ಹೋದಳು. ಬೆಣೆ ಅಲ್ಲೇ ಉಳಿಯಿತು. ನಾಲಿಗೆಗೆ ರುಚಿ ಹತ್ತಿತ್ತು.

ತಗ್ಗಿನ ಗದ್ದೆ ಒಬ್ಬ ವಿಧವೆಯದು. ಸಸಿಯ ತುದಿ ಸುಟ್ಟಂತೆ ಕೆಂಪಾದಾಗ ಅವಳು ಓಡಿ ಬಂದದ್ದು ಇವನ ಬಳಿಗೇ.

"ಅಣ್ಣಾ, ಬಾಗಿಲನ್ನೊಮ್ಮೆ ನೋಡು. ಗದ್ದೆಯ ನೀರು ಬಾಯಿಗಿಟ್ಟರೆ ಉಪ್ಪು."

"ನೋಡುತ್ತೇನೆ ತಂಗಿ, ನೀನು ಹೋಗು" ಎಂದ.

ಹೋಗಿ ಬೆಣೆ ಕಿತ್ತ. ಆದರೆ ಬೆಣೆಗೆ ಬಡಿದು ಬಡಿದು ಹಲಗೆ ಬಾಗಿತ್ತು. ಬಾಗಿಲು ಮುಚ್ಚಲಿಲ್ಲ. ಹೆಗಲು ಕೊಟ್ಟು ತಳ್ಳಿದ. ಅದು ಹಾಗೆಯೇ ಹಿಂದಕ್ಕೆ ಬಂತು. ಆಗಲಾದರೂ ಊರಿಗೆ ಹೇಳಬಹುದಿತ್ತು. ಮಾನಕ್ಕೆ ಅಂಜಿ ಸುಮ್ಮನಾದ. ಪ್ರತಿ ಇಳಿತಕ್ಕೆ ಹೊರಗೆ ಹೋದ ನೀರು ಪ್ರತಿ ಉಬ್ಬರಕ್ಕೆ ಅಷ್ಟಷ್ಟೇ ಹಿಂದಿರುಗಿತು. ಉಪ್ಪು ಗದ್ದೆಯಿಂದ ಗದ್ದೆಗೆ ಏರಿತು. ಆ ವರ್ಷ ಊರಿಗೆ ಸಿಕ್ಕಿದ್ದು ಬರೀ ಜೊಳ್ಳು.

ಊರು ಸೇರಿತು. ಎಲ್ಲರೂ ರೈತನ ಮುಖ ನೋಡಿದರು. ಬಾಗಿಲು ಮಾಡಿದ ಬಡಗಿ ಹಸಿ ಮರ ಹಾಕಿದ್ದಾನೆ ಎಂದು ಅವನು ಅಂದುಬಿಟ್ಟ. ಅಂದ ಮೇಲೆಯೇ ಅವನಿಗೆ ತಾನು ಅಂದದ್ದೇನೆಂದು ತಿಳಿದದ್ದು.

ಬಡಗಿಯನ್ನು ಕರೆಸಿದರು. ಅವನು ಬಾಗಿಲ ಅಂಚನ್ನು ಕೈಯಿಂದ ಸವರುತ್ತ ಬಂದು ಒಂದೆಡೆ ನಿಂತ.

"ಇಲ್ಲಿ ಯಾರೋ ಬೆಣೆ ಇಟ್ಟಿದ್ದಾರೆ" ಎಂದ.

ರೈತ ನೀರನ್ನೇ ನೋಡುತ್ತ ಹೇಳಿದ: "ಕೆಲಸ ಕೆಟ್ಟವನು ಏನಾದರೊಂದು ಹೇಳಲೇಬೇಕಲ್ಲ."

ಊರು ನಂಬಿದ್ದು ರೈತನನ್ನು. ಬಡಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಹೋದಲ್ಲೆಲ್ಲ ಮಾತು ಅವನಿಗಿಂತ ಮುಂಚೆ ತಲುಪಿತ್ತು. ಉಳಿ ಹಿಡಿದ ಕೈ ಕಲ್ಲು ಹೊತ್ತಿತು. ವಿಧವೆ ಗದ್ದೆ ಬಿಟ್ಟು, ಕಂಡವರ ಮನೆಯ ಮುಸುರೆ ತಿಕ್ಕಲು ಹೋದಳು. ಏರಿಗೆ ಹೊಸ ಬಾಗಿಲು ಬಂತು. ಅದನ್ನು ನೋಡಿಕೊಳ್ಳಲು ಊರವರು ಮತ್ತೆ ಆ ರೈತನನ್ನೇ ಕೇಳಿಕೊಂಡರು. ಅವನು ಒಪ್ಪಿದ.

ಸಂಗಯ್ಯನಿಗೆ ತಡೆಯಲಾಗಲಿಲ್ಲ. "ಆ ಬಡಗಿಯನ್ನು ನೆನೆದಾಗಲೆಲ್ಲ ರೈತನ ಎದೆ ಒಡೆದಿರಬೇಕಲ್ಲವೇ, ಗುರುಗಳೇ?"

ಗುರುಗಳು ಹೇಳಿದರು: "ಮುಪ್ಪಿನಲ್ಲಿ ಅವನನ್ನು ಪರೀಕ್ಷಿಸಿದವನು ನಾನೇ, ಅಷ್ಟು ಚೆನ್ನಾಗಿ ಬಾಗಿಲು ಮುಚ್ಚುವ ಹೃದಯವನ್ನು ನಾನು ಇನ್ನೊಂದು ಕಂಡಿಲ್ಲ."