ಎಡಗೈಯ ಮೇಲೆ ಕಾವಲು

“ಗುರುಗಳೇ, ನಾಲ್ಕು ಮಠ ತಿರುಗಿ ಬಂದವನನ್ನು ನಂಬುವುದು ಹೇಗೆ?” ಎಂದು ಶಿಷ್ಯ ಕೇಳಿದ. ಮಠಕ್ಕೆ ಹೊಸದಾಗಿ ಸೇರಿದವನೊಬ್ಬನ ಮೇಲೆ ಅವನಿಗೆ ಗುಮಾನಿಯಿತ್ತು. “ಅವನು ಧ್ಯಾನಕ್ಕೆ ಕೂತಾಗಲೆಲ್ಲ ನಾನು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿರುತ್ತೇನೆ.”

ಗುರು ಒಂದು ಕತೆ ಹೇಳಿದರು.

ಅಮೆರಿಕದ ಒಂದು ಊರಿನಲ್ಲಿ ಒಬ್ಬ ಗಾಯಕಿ ಇದ್ದಳು. ಪಿಯಾನೊ ನುಡಿಸುತ್ತ ಹಾಡುವುದನ್ನು ಅವಳು ಕಲಿತದ್ದು ಊರಿನ ಚರ್ಚಿನಲ್ಲಿ, ತಾಯಿಯ ಪಕ್ಕ ಕೂತು. ದೊಡ್ಡವಳಾದ ಮೇಲೆ ಹೆಂಡದಂಗಡಿಯಲ್ಲಿ ಹಾಡಿದಳು. ದನಗಾಹಿಗಳ ಹಾಡು ಹಾಡಿದಳು. ಕೆಮ್ಮುವುದಕ್ಕೂ ಹೆದರುವ ಶ್ರೋತೃಗಳಿರುವ ದೊಡ್ಡ ಸಭಾಂಗಣಗಳಲ್ಲೂ ಹಾಡಿದಳು. ಹೋದಲ್ಲೆಲ್ಲ ಚಪ್ಪಾಳೆ ಬಿತ್ತು, ಜೊತೆಗೆ ಅನುಮಾನವೂ ಬಂತು. ಈಕೆ ಗಿರಾಕಿಗಳಿಗೆ ಪಶ್ಚಾತ್ತಾಪ ಹತ್ತಿಸಿಯಾಳು ಎಂದು ಹೆಂಡದಂಗಡಿಯವನು ಹೆದರಿದ. ಸಭಾಂಗಣದವರು ಅವಳು ವೇದಿಕೆ ಹತ್ತುವ ಮುನ್ನ ಮೆಲ್ಲನೆ ಹತ್ತಿರ ಬಂದು ಉಸಿರು ಮೂಸಿ ನೋಡಿದರು.

ಚರ್ಚಿನ ಹಿರಿಯನ ಅನುಮಾನ ಇವರೆಲ್ಲರದ್ದಕ್ಕಿಂತ ಶಿಸ್ತಿನದು. ಪಿಯಾನೊದಲ್ಲಿ ಬಲಗೈ ಹಾಡಿನ ಧಾಟಿ ನುಡಿಸಿದರೆ ಎಡಗೈ ತಾಳ ಹಿಡಿಯುತ್ತದೆ. ಕುಣಿಸುವುದು ತಾಳ. ಆದ್ದರಿಂದ ಅವನು ಬಲಗೈಯನ್ನು ದೇವರ ಪಾಲಿಗೂ ಎಡಗೈಯನ್ನು ಹೆಂಡದಂಗಡಿಯ ಪಾಲಿಗೂ ಬರೆದುಬಿಟ್ಟಿದ್ದ. ಯಾರು ನುಡಿಸಲು ಕೂತರೂ ಅವನ ಕಣ್ಣು ಎಡಗೈಯ ಮೇಲೆಯೇ. ಧಾಟಿ ಯಾವುದೆಂದು ಕೇಳಿದರೆ ಹೇಳಲಾರ.

ಒಂದು ದಿನ ಗಾಯಕಿಯ ತಾಯಿ ತೀರಿಕೊಂಡಳು. ತನ್ನ ಶವಪೆಟ್ಟಿಗೆ ಚರ್ಚಿನ ಬಾಗಿಲು ದಾಟುವಾಗ ಮಗಳೇ ಪಿಯಾನೊ ನುಡಿಸಬೇಕೆಂದು ಅವಳು ಕೇಳಿಕೊಂಡಿದ್ದಳು. ಗಾಯಕಿ ಹಿರಿಯನ ಮುಂದೆ ಬಂದು ನಿಂತಳು. ಹಿರಿಯ ಇಡೀ ಬೆಳಗು ಯೋಚಿಸಿ ಒಂದು ಕರಾರು ಹಾಕಿದ. ಪ್ರಾರ್ಥನೆಯ ಹಾಡನ್ನು ಅವಳು ಬಲಗೈಯೊಂದರಲ್ಲೇ ನುಡಿಸಬೇಕು. ಅದು ಶುದ್ಧವಾಗಿದ್ದರೆ ಪೆಟ್ಟಿಗೆ ಹೊರಡುವಾಗಿನ ಹಾಡಿಗೆ ಎರಡೂ ಕೈಗೆ ಅಪ್ಪಣೆ.

“ಎಡಗೈ ಎಲ್ಲಿಡಲಿ, ಅಯ್ಯಾ? ಮನೆಯಲ್ಲೇ ಬಿಟ್ಟು ಬರಲೇ?” ಎಂದಳು ಗಾಯಕಿ.

“ನನಗೆ ಕಾಣುವ ಹಾಗೆ ಇಡಮ್ಮ, ಸಾಕು,” ಎಂದ ಹಿರಿಯ.

ಗಾಯಕಿ ಎಡಗೈಯನ್ನು ತೊಡೆಯ ಮೇಲಿಟ್ಟು ಒಂದೇ ಕೈಯಲ್ಲಿ ನುಡಿಸಿದಳು. ಹಿರಿಯ ಮೊದಲ ಸಾಲಿನಲ್ಲಿ ಕೂತು ಆ ತೊಡೆಯನ್ನೇ ನೋಡಿದ. ಕೈ ಅಲುಗಲಿಲ್ಲ. ಎರಡನೆಯ ಚರಣಕ್ಕೆ ಅವನ ಕಿವಿಗೆ ತಾಳ ಬಿತ್ತು. ಮೆಲ್ಲಗಿತ್ತು, ಆದರೆ ತಪ್ಪಿಲ್ಲದೆ ಬೀಳುತ್ತಿತ್ತು. ಅಲುಗದ ಕೈಯಿಂದ ತಾಳ ಬರುವುದೆಂದರೆ ಮೋಸ ತಾನು ಎಣಿಸಿದ್ದಕ್ಕಿಂತ ಆಳವಾದದ್ದು ಎಂದು ಹಿರಿಯನಿಗೆ ಖಾತ್ರಿಯಾಯಿತು. ಎದ್ದು ನಿಂತು ಕೈಯೆತ್ತಿದ.

“ನಿಲ್ಲಿಸಮ್ಮ! ಎಡಗೈ ಆಡುತ್ತಿದೆ!”

ಗಾಯಕಿ ನಿಲ್ಲಿಸಿದಳು. ತಾಳವೂ ಆಗಲೇ ನಿಂತಿತ್ತು.

ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಅವನ ಕೋಟಿನ ತುದಿ ಎಳೆದಳು. “ಕೂತ್ಕೊಳ್ಳಪ್ಪ. ಅದು ನಿನ್ನ ಬೂಟು. ನೀನು ತಾಳ ಚೆನ್ನಾಗಿಯೇ ಹಾಕುತ್ತಿದ್ದೆ.”

ಹಿರಿಯ ತನ್ನ ಬೂಟನ್ನು ನೋಡಿದ. ಸುತ್ತಲಿನವರು ತಂತಮ್ಮ ಬೂಟುಗಳನ್ನು ಬೆಂಚಿನ ಕೆಳಗೆ ಹಿಂದಕ್ಕೆ ಎಳೆದುಕೊಂಡರು. ಅವನು ಗಂಟಲು ಸರಿಮಾಡಿಕೊಂಡ. ಇಷ್ಟು ಜನ ಸಭ್ಯರ ಕಾಲು ಕೆಡಿಸಿದ ವಾದ್ಯ ಚರ್ಚಿನೊಳಗೆ ಇನ್ನು ನುಡಿಯಕೂಡದು ಎಂದು ತೀರ್ಪು ಕೊಟ್ಟ. ಪಿಯಾನೊ ಮುಚ್ಚಿಸಿದ. ಗಾಯಕಿ ಎದ್ದು ಬಂದು ಪೆಟ್ಟಿಗೆಯ ಹಿಂದೆ ನಿಂತಳು. ತಾಯಿ ಹಾಡಿಲ್ಲದೆ ಬಾಗಿಲು ದಾಟಿದಳು.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಅವನ ಮುಖ ಅರಳಿತು. “ಹಾಗಾದರೆ ಹಿರಿಯನ ಅನುಮಾನವೇ ನಿಜವಾಯಿತಲ್ಲ, ಗುರುಗಳೇ! ಹೆಂಡದಂಗಡಿಯ ತಾಳ ಚರ್ಚಿನೊಳಗೆ ಇತ್ತಲ್ಲ!”

“ಇತ್ತಪ್ಪ,” ಎಂದರು ಗುರು. “ಅವನು ಕಾವಲು ಕೂತ ಜಾಗ ಮಾತ್ರ ತಪ್ಪಾಗಿತ್ತು, ಅಷ್ಟೇ.”